ಗ್ಲಿಸರಿನ್ ಎಂಬ ಸಿಹಿ ನೀರಿನ ಕಥೆ

ಸೂರತ್ತಿನಲ್ಲಿ ಚಳಿ ಅಂದರೆ ನಮ್ಮ ಉತ್ತರ ಕರ್ನಾಟಕದವರಿಗೆ ನಗು ಬರುತ್ತದೆ. ಸ್ವೆಟರ್ ಹೊರಗೆ ತೆಗೆಯುವಷ್ಟರಲ್ಲಿ ಚಳಿಗಾಲ ಮುಗಿದಿರುತ್ತದೆ. ಆದರೆ ಡಿಸೆಂಬರ್ ಕೊನೆಗೆ ಉತ್ತರದಿಂದ ಒಣಗಾಳಿ ಬೀಸತೊಡಗಿತೆಂದರೆ ಕತಾರ್‌ಗಾಮಿನಲ್ಲಿ ಎಲ್ಲರ ತುಟಿಯೂ ಒಡೆಯುತ್ತವೆ. ಮುಂಗೈ ಮೇಲೆ ಉಗುರಲ್ಲಿ ಗೀರಿದರೆ ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಬಿಳಿ ಗೆರೆ ಮೂಡುತ್ತದೆ. ಆಗ ನಮ್ಮ ಗಲ್ಲಿಯ ಮೆಡಿಕಲ್ ಸ್ಟೋರಿನಲ್ಲಿ ಒಂದು ಸಣ್ಣ ಬಾಟಲಿ ಮುಂದಿನ ಸಾಲಿಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಜೇನಿನ ಹಾಗೆ ನಿಧಾನಕ್ಕೆ ಇಳಿಯುವ ಮಂದ ದ್ರವ. ಪಕ್ಕದಲ್ಲೇ ಗುಲಾಬ್‌ಜಲದ ಬಾಟಲಿ. ವಜ್ರದ ಕಾರ್ಖಾನೆಯ ಹುಡುಗರು, ಎಂಬ್ರಾಯ್ಡರಿ ಮಶಿನ್ನಿನವರು, ಮನೆಯ ಹೆಂಗಸರು, ಎಲ್ಲರೂ ಎರಡನ್ನೂ ಜೋಡಿಯಾಗಿ ಒಯ್ಯುತ್ತಾರೆ.

ನನಗೆ ಅದನ್ನು ನೋಡಿದಾಗಲೆಲ್ಲ ಅವ್ವ ನೆನಪಾಗುತ್ತಾಳೆ. ಸಾಲಿಗೆ ಹೋಗುವಾಗ ಮೊಣಕಾಲು, ಗಲ್ಲ ಎಲ್ಲ ಒಡೆದು ಬಿಳಿಚಿಕೊಂಡಿರುತ್ತಿದ್ದವು. "ಗ್ಲಿಸರಿನ್ ಹಚ್ಕೋ, ಆದ್ರ ಬರೇ ಹಚ್ಕೋಬ್ಯಾಡ. ಒಂದೀಟು ಪನ್ನೀರು ಹಾಕ್ಕೋ, ಇಲ್ಲಂದ್ರ ಉರೀತದ" ಅನ್ನುತ್ತಿದ್ದಳು. ಪನ್ನೀರು ಇಲ್ಲದ ದಿನ ಬರೀ ನೀರು. ಏನೂ ಬೆರೆಸದೆ ಹಚ್ಚಿಕೊಂಡ ದಿನ ನಿಜಕ್ಕೂ ಉರಿಯುತ್ತಿತ್ತು. ಯಾಕೆ ಅಂತ ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊನ್ನೆ ಮಗಳು ಆನ್‌ಲೈನಿನಲ್ಲಿ ಒಂದು ಕ್ರೀಮು ತರಿಸಿದಳು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಡಬ್ಬಿ, ಬೆಲೆ ಮಾತ್ರ ನಮ್ಮ ಒಂದು ವಾರದ ಕಾಯಿಪಲ್ಯದ ಖರ್ಚು. ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಪಟ್ಟಿ ಓದಿದೆ. ಮೊದಲ ಹೆಸರು ನೀರು. ಎರಡನೆಯದು ಗ್ಲಿಸರಿನ್! ಇಂಥ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವುದನ್ನೇ ಮೊದಲು ಬರೆಯುತ್ತಾರೆ. ಅಂದರೆ ಅವ್ವ ಹೇಳಿದ್ದನ್ನೇ ಡಬ್ಬಿಗೆ ತುಂಬಿ, ಸುವಾಸನೆ ಬೆರೆಸಿ ಕಳಿಸಿದ್ದಾರೆ. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು. ಈ ದ್ರವ ಬಂದದ್ದಾದರೂ ಎಲ್ಲಿಂದ? ಹುಡುಕುತ್ತ ಹೋದರೆ ಕಥೆ ಸ್ವೀಡನ್ನಿನಿಂದ ಹೊರಟು ಕೋಲಾರದ ಗಣಿ, ಮೈಸೂರಿನ ಸಾಬೂನು, ನೀಲಗಿರಿಯ ಮದ್ದಿನ ಕಾರ್ಖಾನೆ, ಮುಂಬಯಿಯ ಆಸ್ಪತ್ರೆ ಎಲ್ಲ ಸುತ್ತಿ ಮತ್ತೆ ನಮ್ಮ ಗುಜರಾತಿಗೇ ಬಂದು ನಿಂತಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ರುಚಿ ನೋಡಿದವನು, ಹೆಸರಿಟ್ಟವನು

ಕಾರ್ಲ್ ವಿಲ್ಹೆಲ್ಮ್ ಶೀಲೆ ಸ್ವೀಡನ್ನಿನ ಔಷಧ ಅಂಗಡಿಯವನು. ದೊಡ್ಡ ವಿಶ್ವವಿದ್ಯಾಲಯದ ಪಂಡಿತನಲ್ಲ, ಆದರೆ ಆಮ್ಲಜನಕ, ಕ್ಲೋರಿನ್ ಇವುಗಳನ್ನೆಲ್ಲ ಮೊದಲು ಕಂಡವರ ಪೈಕಿ ಒಬ್ಬ. 1779ರಲ್ಲಿ ಅವನು ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನ ಜೊತೆ ಕಾಸುತ್ತಿದ್ದ. ಆ ಕಾಲದಲ್ಲಿ ಗಾಯಕ್ಕೆ ಹಚ್ಚುವ ಪಟ್ಟಿಗೆ ಇಂಥ ಮುಲಾಮು ಮಾಡುವುದು ರೂಢಿಯಾಗಿತ್ತು. ಮುಲಾಮು ತೆಗೆದ ಮೇಲೆ ಉಳಿದ ನೀರನ್ನು ಬತ್ತಿಸಿದಾಗ ತಳದಲ್ಲಿ ಮಂದವಾದ ದ್ರವವೊಂದು ಸಿಕ್ಕಿತು. ಶೀಲೆಗೆ ಏನು ಸಿಕ್ಕರೂ ನಾಲಿಗೆಗೆ ಹಚ್ಚಿ ನೋಡುವ ಚಟ. ನೋಡಿದ, ಸಿಹಿಯಾಗಿತ್ತು! ಅದಕ್ಕೆ 'ಕೊಬ್ಬಿನ ಸಿಹಿ ಸತ್ವ' ಅಂತ ಕರೆದ. ಪಾಪ, 43ನೇ ವಯಸ್ಸಿಗೆ, 1786ರಲ್ಲಿ ತೀರಿಕೊಂಡ. ಸೀಸ, ಪಾದರಸ, ಪಾಷಾಣಗಳ ಜೊತೆಯ ಒಡನಾಟವೇ ಅವನ ಆಯಸ್ಸು ತಿಂದಿತು ಅಂತ ಹೇಳುವವರಿದ್ದಾರೆ.

ಅದೇ 1786ರಲ್ಲಿ ಫ್ರಾನ್ಸಿನಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಹುಟ್ಟಿದ. ಎಣ್ಣೆ ಕೊಬ್ಬುಗಳ ಒಳಗೇನಿದೆ ಅಂತ ವರ್ಷಗಟ್ಟಲೆ ಕೂತು ಬಿಡಿಸಿದವನು ಇವನೇ. ಗ್ರೀಕ್ ಭಾಷೆಯಲ್ಲಿ ಸಿಹಿಗೆ 'ಗ್ಲುಕುಸ್' ಅನ್ನುತ್ತಾರೆ. ಅದರಿಂದ 1811ರಲ್ಲಿ 'ಗ್ಲಿಸರಿನ್' ಅಂತ ಹೆಸರಿಟ್ಟ. ಈ ಪುಣ್ಯಾತ್ಮ ಬದುಕಿದ್ದು 102 ವರ್ಷ!

ಶೆವ್ರಲ್ ತೋರಿಸಿಕೊಟ್ಟದ್ದನ್ನು ಸರಳವಾಗಿ ಹೇಳುವುದಾದರೆ, ತೆಂಗಿನೆಣ್ಣೆ, ಹರಳೆಣ್ಣೆ, ತುಪ್ಪ, ಚರಬಿ ಯಾವುದೇ ಆಗಲಿ, ಅದರ ಕಣ ಮೂರು ಹಲ್ಲಿನ ಹಣಿಗೆಯ ಹಾಗೆ. ಮೂರು ಉದ್ದ ಹಲ್ಲುಗಳು ಕೊಬ್ಬಿನ ಆಮ್ಲಗಳು. ಅವನ್ನು ಹಿಡಿದಿಟ್ಟ ಹಿಡಿಯೇ ಗ್ಲಿಸರಿನ್. ಕ್ಷಾರ ಹಾಕಿ ಕುದಿಸಿದರೆ ಹಲ್ಲುಗಳು ಕಳಚಿ ಸಾಬೂನಾಗುತ್ತವೆ, ಹಿಡಿ ಬೇರೆಯಾಗಿ ನೀರಿಗೆ ಸೇರುತ್ತದೆ. 100 ಕಿಲೋ ಎಣ್ಣೆಗೆ ಹೆಚ್ಚುಕಡಿಮೆ 10 ಕಿಲೋ ಗ್ಲಿಸರಿನ್. ತೆಂಗಿನೆಣ್ಣೆಯಾದರೆ ಇನ್ನೂ ಸ್ವಲ್ಪ ಜಾಸ್ತಿ.

ಹೀಗಾಗಿ ಮನುಷ್ಯ ಸಾಬೂನು ಮಾಡಲು ಕಲಿತ ದಿನದಿಂದಲೂ ಗ್ಲಿಸರಿನ್ ಇತ್ತು, ಯಾರೂ ಅದನ್ನು ಗುರುತಿಸಿರಲಿಲ್ಲ ಅಷ್ಟೆ.

ಕಪಡವಂಜದ ಸಾಬೂನು, ನಮ್ಮ ಸೀಗೆಕಾಯಿ

ನಮ್ಮ ಕಡೆ ಸಾಬೂನು ತಡವಾಗಿ ಬಂದದ್ದು. ತಲೆಗೆ ಸೀಗೆಕಾಯಿ, ಅಂಟುವಾಳ. ಮೈಗೆ ಕಡಲೆಹಿಟ್ಟು. ಬಟ್ಟೆಗೆ ಅಗಸರ ಚೌಳು ಮಣ್ಣು. ಹಬ್ಬಕ್ಕೆ ಹರಳೆಣ್ಣೆ ತಿಕ್ಕಿಸಿಕೊಂಡು ಎರೆದುಕೊಂಡ ಮೈಗೆ ಬೇರೆ ಕ್ರೀಮು ಬೇಕಾಗುತ್ತಿರಲಿಲ್ಲ.

ಗುಜರಾತಿನಲ್ಲಿ ಮಾತ್ರ ಸಾಬೂನಿನ ಕಸುಬು ಹಳೆಯದು. ಖೇಡಾ ಜಿಲ್ಲೆಯ ಕಪಡವಂಜ ಅನ್ನುವ ಊರು ಬ್ರಿಟಿಷರ ಗೆಜೆಟಿಯರ್‌ಗಳಲ್ಲಿ ಮೂರು ವಸ್ತುಗಳಿಗೆ ಹೆಸರಾಗಿದೆ: ಸಾಬೂನು, ಗಾಜು, ತುಪ್ಪ ತುಂಬುವ ಚರ್ಮದ ಬುದ್ದಲಿ. ಸಾಬೂನಿಗೂ ಗಾಜಿಗೂ ಬೇಕಾದದ್ದು ಒಂದೇ ಕ್ಷಾರ, ಹಾಗಾಗಿ ಎರಡೂ ಒಂದೇ ಊರಲ್ಲಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಎಣ್ಣೆಗೆ ಕ್ಷಾರ ಬೆರೆಸಿ ಹಾಗೇ ಗಟ್ಟಿಯಾಗಲು ಬಿಟ್ಟ ಸಾಬೂನಿನಲ್ಲಿ ಗ್ಲಿಸರಿನ್ ಒಳಗೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಕ್ರಮ ಬೇರೆ. ಕುದಿಯುವ ಕಡಾಯಿಗೆ ಉಪ್ಪು ಸುರಿಯುತ್ತಾರೆ. ಆಗ ಸಾಬೂನು ಮೊಸರಿನ ಹಾಗೆ ಒಡೆದು ಮೇಲೆ ತೇಲುತ್ತದೆ. ಕೆಳಗೆ ಉಪ್ಪು, ಕೊಳೆ, ಗ್ಲಿಸರಿನ್ ಎಲ್ಲ ಬೆರೆತ ಕಂದು ನೀರು ಉಳಿಯುತ್ತದೆ. ಯುರೋಪಿನಲ್ಲಿ ಬಹಳ ಕಾಲ ಈ ನೀರು ಸೀದಾ ಗಟಾರಕ್ಕೆ ಹೋಗುತ್ತಿತ್ತು. ಕೊಬ್ಬಿನಿಂದ ಮೇಣದಬತ್ತಿ ಮಾಡುವವರೂ ಹೀಗೇ ಚೆಲ್ಲುತ್ತಿದ್ದರು. 1850ರ ದಶಕದಲ್ಲಿ ಲಂಡನ್ನಿನ ಪ್ರೈಸ್ ಎಂಬ ಮೇಣದಬತ್ತಿ ಕಂಪನಿಯವರು ಹಬೆ ಹಾಯಿಸಿ ಗ್ಲಿಸರಿನ್ ಭಟ್ಟಿ ಇಳಿಸುವ ದಾರಿ ಕಂಡುಕೊಂಡರು. ನೀರಿನಷ್ಟು ತಿಳಿಯಾದ, ಶುದ್ಧ ಗ್ಲಿಸರಿನ್ ಮಾರುಕಟ್ಟೆಗೆ ಬಂತು. ಡಾಕ್ಟರರು ಸುಟ್ಟ ಗಾಯಕ್ಕೆ, ಒಡೆದ ಚರ್ಮಕ್ಕೆ, ಕಿವಿಗೆ, ಗಂಟಲಿಗೆ ಬಳಸತೊಡಗಿದರು. ಗಟಾರದ ನೀರು ಔಷಧದ ಕಪಾಟಿಗೆ ಏರಿತು.

ಇಷ್ಟಕ್ಕೇ ನಿಂತಿದ್ದರೆ ಇದು ಚೆಂದದ ಕಥೆ. ಆದರೆ ನಿಲ್ಲಲಿಲ್ಲ.

ಕೋಲಾರಕ್ಕೆ ಬಂದ ದಾರಿ

1846-47ರ ಸುಮಾರಿಗೆ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನ ಶಾಸ್ತ್ರಜ್ಞ ಗ್ಲಿಸರಿನ್ನನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಜೊತೆ ಸೇರಿಸಿದ. ಹುಟ್ಟಿದ್ದು ನೈಟ್ರೋಗ್ಲಿಸರಿನ್. ಸ್ವಲ್ಪ ಅಲುಗಿದರೆ, ತಟ್ಟಿದರೆ ಸಿಡಿಯುವ ಎಣ್ಣೆ. ಅವನ ಮುಖಕ್ಕೂ ಗಾಯವಾಯಿತು. ಅದರಿಂದ ಲಾಭ ಮಾಡಿಕೊಳ್ಳುವ ಗೋಜಿಗೇ ಅವನು ಹೋಗಲಿಲ್ಲ.

ಆ ಗೋಜಿಗೆ ಹೋದವನು ಆಲ್ಫ್ರೆಡ್ ನೊಬೆಲ್. 1864ರಲ್ಲಿ ಸ್ಟಾಕ್‌ಹೋಮಿನ ಅವರ ಕಾರ್ಖಾನೆ ಸಿಡಿದು ಸ್ವಂತ ತಮ್ಮ ಎಮಿಲ್ ಸತ್ತ. ನೊಬೆಲ್ ನಿಲ್ಲಿಸಲಿಲ್ಲ. ಸಿಡಿಯುವ ಎಣ್ಣೆಯನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿದರೆ ಕೈಯಲ್ಲಿ ಹಿಡಿದು ಒಯ್ಯಬಹುದು ಅಂತ ಕಂಡುಕೊಂಡು, 1867ರಲ್ಲಿ ಅದಕ್ಕೆ 'ಡೈನಮೈಟ್' ಅಂತ ಹೆಸರಿಟ್ಟು ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಜಗತ್ತಿನ ಸುರಂಗ, ಕಾಲುವೆ, ಗಣಿ ಎಲ್ಲದಕ್ಕೂ ಗ್ಲಿಸರಿನ್ ಬೇಕಾಯಿತು.

ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ದೊಡ್ಡ ಪ್ರಮಾಣದ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು ಅನ್ನುವುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಬಂಡೆ ಕರೆಂಟಿಗೆ ಒಡೆಯುವುದಿಲ್ಲ. ಕುಳಿ ತೋಡಿ, ಮದ್ದು ತುಂಬಿ, ಸಿಡಿಸಬೇಕು. ಹಾಗೆ ಸಿಡಿಸುತ್ತಲೇ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಡೈನಮೈಟ್, ಜೆಲಿಗ್ನೈಟ್ ಎಂಬ ಅಂದಿನ ಗಣಿಮದ್ದುಗಳ ಮೂಲ ಗ್ಲಿಸರಿನ್ನೇ. ಲಂಡನ್ನಿನ ದೊರೆಸಾನಿ ತುಟಿಗೆ ಹಚ್ಚಿಕೊಂಡದ್ದೂ ಅದೇ, ಕೆ.ಜಿ.ಎಫ್.ನ ಕೂಲಿ ಭೂಮಿಯ ಹೊಟ್ಟೆಯೊಳಗೆ ಹೊಗೆ ಕುಡಿದದ್ದೂ ಅದರದ್ದೇ. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿತು.

ಇನ್ನು ನೀಲಗಿರಿ. ಕೂನೂರಿನ ಹತ್ತಿರ ಅರುವಂಕಾಡು ಅನ್ನುವ ಸ್ಟೇಷನ್ ಇದೆ, ಊಟಿಗೆ ಪುಟ್ಟ ರೈಲಿನಲ್ಲಿ ಹೋದವರು ನೋಡಿರುತ್ತೀರಿ. ಅಲ್ಲಿ 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಾರ್ಡೈಟ್ ಕಾರ್ಖಾನೆ ಕಟ್ಟಿದರು. ಕಾರ್ಡೈಟ್ ಅಂದರೆ ಬಂದೂಕು ಫಿರಂಗಿಗಳಿಗೆ ಹಾಕುವ ಹೊಗೆಯಿಲ್ಲದ ಮದ್ದು, 1889ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು. ಅದರ ಮೊದಲ ಪಾಕ ಓದಿದಾಗ ನನಗೆ ಎದೆ ಝಲ್ಲೆಂದಿತು. ನೈಟ್ರೋಗ್ಲಿಸರಿನ್ 58 ಪಾಲು, ಆಮ್ಲದಲ್ಲಿ ನೆನೆಸಿದ ಹತ್ತಿ 37 ಪಾಲು, ವ್ಯಾಸಲೀನ್ 5 ಪಾಲು! ಗ್ಲಿಸರಿನ್, ಹತ್ತಿ, ವ್ಯಾಸಲೀನ್. ಬಾಣಂತಿ ಕೋಣೆಯ ಕಪಾಟಿನಲ್ಲಿ ಒಟ್ಟಿಗೆ ಇರುವ ಮೂರು ಸಾಮಾನುಗಳು.

ಮೊದಲ ಮಹಾಯುದ್ಧ ಬಂದಾಗ ಗ್ಲಿಸರಿನ್ನಿಗೆ ಚಿನ್ನದ ಬೆಲೆ ಬಂತು. ಬ್ರಿಟನ್ನಿನಲ್ಲಿ ಅದು ಸರ್ಕಾರದ ಹತೋಟಿಗೆ ಹೋಯಿತು. ಸಾಬೂನು ಕಂಪನಿಗಳು ಇದ್ದಕ್ಕಿದ್ದ ಹಾಗೆ ಯುದ್ಧ ಸಾಮಗ್ರಿಯ ಕಂಪನಿಗಳಾದವು. ಸಮುದ್ರದ ದಾರಿ ಕಟ್ಟಾಗಿ ಎಣ್ಣೆ ಸಿಗದ ಜರ್ಮನಿ, ಸಕ್ಕರೆಯನ್ನು ಯೀಸ್ಟಿನಿಂದ ಹುಳಿಸಿ ಗ್ಲಿಸರಿನ್ ತೆಗೆಯುವ ವಿಧಾನ ಹುಡುಕಿ ತಿಂಗಳಿಗೆ ಸುಮಾರು 1,000 ಟನ್ ತಯಾರಿಸಿತು. ಜರ್ಮನರು ಸತ್ತ ಸೈನಿಕರ ಹೆಣ ಕುದಿಸಿ ಕೊಬ್ಬು ತೆಗೆಯುತ್ತಾರೆ ಅಂತ 1917ರಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಬರೆದವು. ಅದು ಸುಳ್ಳು ಅಂತ 1925ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಒಪ್ಪಿಕೊಳ್ಳಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೃಹಿಣಿಯರು ಬಾಣಲೆಯಲ್ಲಿ ಉಳಿದ ಜಿಡ್ಡನ್ನು ಡಬ್ಬಿಯಲ್ಲಿ ಕೂಡಿಟ್ಟು ಮಾಂಸದ ಅಂಗಡಿಗೆ ಕೊಡುತ್ತಿದ್ದರು. ಅದೂ ಇದಕ್ಕಾಗಿಯೇ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅದೇ ನೈಟ್ರೋಗ್ಲಿಸರಿನ್ನನ್ನು ತೀರ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಎದೆನೋವು ಇಳಿಯುತ್ತದೆ ಅಂತ 1879ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಮರೆಲ್ ತೋರಿಸಿದರು. ಕೊನೆಗಾಲದಲ್ಲಿ ನೊಬೆಲ್‌ಗೇ ಹೃದಯದ ತೊಂದರೆಗೆ ಡಾಕ್ಟರರು ಅದನ್ನೇ ಬರೆದುಕೊಟ್ಟಿದ್ದರು. ಇವತ್ತಿಗೂ ಅದು ಹೃದ್ರೋಗಿಗಳಿಗೆ ಕೊಡುವ ಔಷಧ.

ಸೂರತ್ತಿನ ಗಜ್ಜರ್, ಮೈಸೂರಿನ ಶಾಸ್ತ್ರಿ

ಯುರೋಪು ಹೀಗೆಲ್ಲ ಮಾಡುತ್ತಿದ್ದಾಗ ನಾವೇನು ಮಾಡುತ್ತಿದ್ದೆವು? ಎಣ್ಣೆಬೀಜ ಹಡಗಿಗೆ ತುಂಬಿ ಕಳಿಸಿ, ಸಾಬೂನು ಕೊಳ್ಳುತ್ತಿದ್ದೆವು. ಬೀಜದ ಜೊತೆ ಗ್ಲಿಸರಿನ್ನೂ ಹೋಗುತ್ತಿತ್ತು ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಇದನ್ನು ತಪ್ಪಿಸಬೇಕಾದರೆ ಮೊದಲು ರಸಾಯನ ಶಾಸ್ತ್ರ ನಮ್ಮ ಕೈಗೆ ಬರಬೇಕು ಅಂತ ಹೊರಟವರಲ್ಲಿ ಒಬ್ಬರು ಇದೇ ಸೂರತ್ತಿನವರು, ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್. 1863ರಲ್ಲಿ ಬಡಗಿ ಮನೆತನದಲ್ಲಿ ಹುಟ್ಟಿದವರು. 1890ರಲ್ಲಿ ಸಯಾಜಿರಾವ್ ಗಾಯಕವಾಡರು ಬರೋಡಾದಲ್ಲಿ ಕಲಾಭವನ ಎಂಬ ಕುಶಲ ವಿದ್ಯೆಗಳ ಶಾಲೆ ತೆರೆದಾಗ ಅದರ ಹಿಂದಿನ ಬುದ್ಧಿ ಇವರದ್ದೇ. ಬಣ್ಣ ಹಾಕುವುದು, ರಸಾಯನ, ಯಂತ್ರವಿದ್ಯೆ ಇವನ್ನೆಲ್ಲ ದೇಶೀ ಭಾಷೆಯಲ್ಲೇ ಕಲಿಸಬೇಕು ಅನ್ನುವುದು ಅವರ ಹಟ. 1896ರಲ್ಲಿ ಚಾಪೇಕರ್ ಸಹೋದರರು ಮುಂಬಯಿಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಮೂರ್ತಿಗೆ ಡಾಂಬರು ಬಳಿದಾಗ, ಆ ಕಲೆಯನ್ನು ತೆಗೆದು ಹೆಸರಾದವರು ಗಜ್ಜರ್. 1907ರಲ್ಲಿ ಬರೋಡಾದಲ್ಲಿ ಅಲೆಂಬಿಕ್ ಔಷಧ ಕಂಪನಿ ಹುಟ್ಟಿದ್ದರಲ್ಲೂ ಅವರ ಕೈಯಿದೆ.

ನಮ್ಮ ಮೈಸೂರಿನ ಕಥೆಯೂ ಇದಕ್ಕೆ ಅಣ್ಣತಮ್ಮನ ಹಾಗಿದೆ. ಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತಿತು, ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾದವು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನಿನ ವಿದ್ಯೆ ಕಲಿಸಲಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಶರಭದ ಗುರುತು, ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ. ಊರಿಂದ ಬರುವವರಿಗೆ 'ಏನು ತರಲಿ' ಅಂದಾಗ ಇಂದಿಗೂ ನಮ್ಮ ಮನೆಯಲ್ಲಿ ಹೇಳುವ ಮೊದಲ ಹೆಸರು ಅದೇ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂಬಯಿಯಲ್ಲಿ ಗೋದ್ರೆಜ್‌ನವರು ಪ್ರಾಣಿಯ ಕೊಬ್ಬಿಲ್ಲದೆ ಬರೀ ಗಿಡದ ಎಣ್ಣೆಯಿಂದ ಸಾಬೂನು ಮಾಡಿ ತೋರಿಸಿದರು.

ಒಂದೇ ಯುದ್ಧ. ಅಲ್ಲಿ ಸಾಬೂನಿನಿಂದ ಮದ್ದು ತೆಗೆಯಿತು, ಇಲ್ಲಿ ನಮಗೆ ಸಾಬೂನು ಮಾಡುವುದನ್ನು ಕಲಿಸಿತು.

ದಿವೇಲ್ ನಾಡಿನಲ್ಲಿ

ಈಗ ಗುಜರಾತಿಗೆ ಬರೋಣ. ಇಲ್ಲಿ ಹರಳೆಣ್ಣೆಗೆ 'ದಿವೇಲ್' ಅನ್ನುತ್ತಾರೆ, ದೀಪದ ಎಣ್ಣೆ. ಬೇಸಿಗೆಯಲ್ಲಿ ಇಲ್ಲಿನ ಹೆಂಗಸರು ಇಡೀ ವರ್ಷದ ಗೋಧಿಗೆ ದಿವೇಲ್ ಸವರಿ ಡಬ್ಬಿಗೆ ತುಂಬುತ್ತಾರೆ, ಹುಳ ಹಿಡಿಯದಿರಲಿ ಅಂತ. ನಮ್ಮ ದೇಶದ ಹರಳು ಬೆಳೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುವುದು ಗುಜರಾತಿನಿಂದ. ಬನಾಸಕಾಂಠಾ, ಪಾಟಣ, ಮೆಹಸಾಣಾ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಹರಳು ಗಿಡ. ಜಗತ್ತಿಗೆ ಹರಳೆಣ್ಣೆ ಕಳಿಸುವುದರಲ್ಲಿ ನಾವೇ ಮೊದಲಿಗರು. ಈ ಎಣ್ಣೆಯನ್ನು ಒಡೆದು ಬಣ್ಣಕ್ಕೆ, ಗ್ರೀಸಿಗೆ, ಪ್ಲಾಸ್ಟಿಕ್ಕಿಗೆ ಬೇಕಾದ ಆಮ್ಲ ತೆಗೆಯುವಾಗ ಪಕ್ಕದಲ್ಲಿ ಉಳಿಯುವುದು ಮತ್ತೆ ನಮ್ಮ ಗ್ಲಿಸರಿನ್ನೇ.

ವ್ಯಾಪಾರದ ಚಕ್ರವೂ ತಿರುಗಿದೆ. 1940ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಪೆಟ್ರೋಲಿಯಂ ಅನಿಲದಿಂದ ಎಪಿಕ್ಲೋರೋಹೈಡ್ರಿನ್ ಎಂಬ ರಾಸಾಯನಿಕ ಮಾಡಿ, ಅದರಿಂದ ಗ್ಲಿಸರಿನ್ ತೆಗೆಯುತ್ತಿದ್ದರು. 2000ದ ದಶಕದಲ್ಲಿ ಯುರೋಪು ಅಮೆರಿಕಗಳಲ್ಲಿ ಬಯೋಡೀಸೆಲ್ ಅಲೆ ಎದ್ದಿತು. ಹತ್ತು ಟನ್ ಬಯೋಡೀಸೆಲ್ ಮಾಡಿದರೆ ಒಂದು ಟನ್ ಗ್ಲಿಸರಿನ್ ತಾನಾಗಿ ಬರುತ್ತದೆ. ಮಾರುಕಟ್ಟೆ ತುಂಬಿ ಬೆಲೆ ನೆಲ ಕಚ್ಚಿತು. ಈಗ ದಾರಿ ಉಲ್ಟಾ, ಗ್ಲಿಸರಿನ್ನಿನಿಂದಲೇ ಎಪಿಕ್ಲೋರೋಹೈಡ್ರಿನ್ ಮಾಡುತ್ತಾರೆ. ಸೂರತ್ತಿಗೂ ವಡೋದರಾಗೂ ನಡುವೆ, ಭರೂಚ್ ಜಿಲ್ಲೆಯ ದಹೇಜ್‌ನಲ್ಲಿ 2022ರಲ್ಲಿ ಅಂಥದೊಂದು ಘಟಕ ಶುರುವಾಯಿತು. ಗಟಾರಕ್ಕೆ ಹೋಗುತ್ತಿದ್ದ ಸರಕು ಈಗ ಕಾರ್ಖಾನೆಯ ಕಚ್ಚಾಮಾಲು.

ಅವ್ವನ ಪನ್ನೀರಿನ ಗುಟ್ಟು

ಗ್ಲಿಸರಿನ್ ಚರ್ಮದ ಮೇಲೆ ಮಾಡುವುದೇನು? ಅದರ ಕಣದಲ್ಲಿ ನೀರನ್ನು ಹಿಡಿಯುವ ಮೂರು ಕೈಗಳಿವೆ. ಎಣ್ಣೆ, ವ್ಯಾಸಲೀನ್ ಇವು ಮುಚ್ಚಳದ ಹಾಗೆ ಒಳಗಿನ ತೇವ ಆರದಂತೆ ಮುಚ್ಚುತ್ತವೆ. ಗ್ಲಿಸರಿನ್ ಹಾಗಲ್ಲ, ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಇಂಥ ವಸ್ತುಗಳಿಗೆ ಹ್ಯೂಮೆಕ್ಟೆಂಟ್ ಅನ್ನುತ್ತಾರೆ. ಮಳೆಗಾಲದಲ್ಲಿ ಉಪ್ಪಿನ ಜಾಡಿ ಒದ್ದೆಯಾಗುತ್ತದಲ್ಲ, ಅದೇ ಗುಣ ಅಂದುಕೊಳ್ಳಿ.

ತೇವ ಎಲ್ಲಿಂದ ಎಳೆಯಬೇಕು ಅನ್ನುವುದೇ ಪ್ರಶ್ನೆ. ಗಾಳಿಯಲ್ಲಿ ಪಸೆಯಿದ್ದರೆ ಗಾಳಿಯಿಂದ. ಗಾಳಿ ಒಣಗಿದ್ದು, ಹಚ್ಚಿದ್ದು ಏನೂ ಬೆರೆಸದ ಗ್ಲಿಸರಿನ್ ಆದರೆ, ಅದು ಚರ್ಮದ ಒಳಗಿನ ನೀರನ್ನೇ ಎಳೆಯತೊಡಗುತ್ತದೆ. ಒಡೆದ ಚರ್ಮ ಉರಿಯುವುದು ಅದಕ್ಕೇ. ಅವ್ವ ಹಾಕು ಅಂದ ಪನ್ನೀರು ಬರೀ ವಾಸನೆಗಲ್ಲ, ಗ್ಲಿಸರಿನ್ನಿಗೆ ಕುಡಿಯಲು ಮೊದಲೇ ಕೊಟ್ಟ ನೀರು ಅದು! ಸ್ನಾನ ಮಾಡಿ ಮೈ ಇನ್ನೂ ಹಸಿಯಿರುವಾಗಲೇ ಹಚ್ಚಿ, ಮೇಲೆ ಒಂದು ಹನಿ ಎಣ್ಣೆ ಸವರಿದರೆ ಇನ್ನೂ ಒಳ್ಳೆಯದು.

2000ದ ನಂತರ ತಿಳಿದ ಇನ್ನೊಂದು ಸಂಗತಿಯಿದೆ. ಜೀವಕೋಶಗಳ ಗೋಡೆಯಲ್ಲಿ ನೀರು ಹಾಯುವ ಸಣ್ಣ ಕಿಂಡಿಗಳಿವೆ. ಅವುಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ನೊಬೆಲ್ ಬಂತು. (ನೊಬೆಲ್! ಗ್ಲಿಸರಿನ್ನಿನ ದುಡ್ಡೇ ತಾನೆ.) ಚರ್ಮದಲ್ಲಿರುವ ಆಕ್ವಾಪೊರಿನ್-3 ಎಂಬ ಕಿಂಡಿ ನೀರಿನ ಜೊತೆ ಗ್ಲಿಸರಿನ್ನನ್ನೂ ಬಿಡುತ್ತದೆ. ಈ ಕಿಂಡಿಯಿಲ್ಲದ ಇಲಿಗಳ ಚರ್ಮ ಒಣಗಿ ಬಿಗುವು ಕಳೆದುಕೊಳ್ಳುತ್ತದೆ, ಗ್ಲಿಸರಿನ್ ಕೊಟ್ಟರೆ ಸರಿಹೋಗುತ್ತದೆ ಅಂತ ಸ್ಯಾನ್‌ಫ್ರಾನ್ಸಿಸ್ಕೋದ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಅಂದರೆ ನಮ್ಮ ಚರ್ಮ ತನ್ನ ತೇವಕ್ಕೆ ಗ್ಲಿಸರಿನ್ನನ್ನು ತಾನೇ ಇಟ್ಟುಕೊಂಡಿರುತ್ತದೆ. ಈಗ ಹೈಯಲುರಾನಿಕ್ ಆಮ್ಲದ ಫ್ಯಾಷನ್ ಬಂದಿದೆ. 1934ರಲ್ಲಿ ದನದ ಕಣ್ಣಿನಿಂದ ಮೊದಲು ಬೇರ್ಪಡಿಸಿದ ಅದೂ ತೇವ ಹಿಡಿಯುವಂಥದ್ದೇ. ಆದರೆ ಆ ಡಬ್ಬಿಗಳ ಪಟ್ಟಿ ಓದಿ ನೋಡಿ, ಬಹುತೇಕ ಅಲ್ಲೂ ಗ್ಲಿಸರಿನ್ ಇರುತ್ತದೆ.

ಸಾಬೂನಿನ ಕ್ಷಾರ ಮೈಯ ಜಿಡ್ಡು ತೆಗೆದು ಚರ್ಮ ಒಣಗಿಸುತ್ತದೆ. ಅದೇ ಸಾಬೂನು ಮಾಡುವಾಗ ಬೇರೆ ಮಾಡಿದ ಗ್ಲಿಸರಿನ್ನನ್ನು ಆಮೇಲೆ ಕ್ರೀಮಿನಲ್ಲಿ ಕೊಳ್ಳುತ್ತೇವೆ. ಒಂದೇ ಎಣ್ಣೆಗೆ ಎರಡು ಸಲ ದುಡ್ಡು ಕೊಡುವುದು ಅಂದರೆ ಇದೇ ನೋಡಿ.

ಸಿಹಿಯ ವೇಷದಲ್ಲಿ ವಿಷ

ಇನ್ನು ಬರೆಯಲು ಮನಸ್ಸಿಲ್ಲದ, ಆದರೆ ಬರೆಯದಿದ್ದರೆ ಈ ಕಥೆ ಅರ್ಧವಾಗುವ ಭಾಗ.

ಗ್ಲಿಸರಿನ್ನಿನ ಹಾಗೇ ಕಾಣುವ ಇನ್ನೊಂದು ದ್ರವವಿದೆ, ಡೈಎಥಿಲೀನ್ ಗ್ಲೈಕಾಲ್. ಬಣ್ಣವಿಲ್ಲ, ಮಂದ, ಸಿಹಿ. ಬೆಲೆ ಕಮ್ಮಿ. ಬ್ರೇಕ್ ಎಣ್ಣೆ, ರೇಡಿಯೇಟರ್ ದ್ರವ ಇಂಥ ಕೆಲಸಕ್ಕೆ ಇರುವಂಥದ್ದು. ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುತ್ತದೆ. ಮೊದಲು ವಾಂತಿ, ಹೊಟ್ಟೆನೋವು, ಆಮೇಲೆ ಮೂತ್ರ ನಿಲ್ಲುತ್ತದೆ. ಮಕ್ಕಳು ತಡೆಯುವುದಿಲ್ಲ.

1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾ ಔಷಧವನ್ನು ಇದರಲ್ಲಿ ಕರಗಿಸಿ ಮಾರಿತು. 100ಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ಕಾನೂನಿನಲ್ಲಿ ಔಷಧ ವಿಷವೋ ಅಲ್ಲವೋ ಅಂತ ಮೊದಲೇ ಪರೀಕ್ಷಿಸಬೇಕು ಅನ್ನುವ ನಿಯಮವೇ ಇರಲಿಲ್ಲ. ಆ ಸಾವುಗಳಿಂದಾಗಿ 1938ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿತು. ನಮ್ಮಲ್ಲಿ 1940ರಲ್ಲಿ ಔಷಧ ಕಾಯ್ದೆ ಬಂತು.

ಕಾನೂನು ಬಂದರೂ ಸಾವು ನಿಲ್ಲಲಿಲ್ಲ. 1972-73ರಲ್ಲಿ ಮದ್ರಾಸಿನಲ್ಲಿ 14 ಮಕ್ಕಳು. 1986ರ ಆರಂಭದಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು. ಅಲ್ಲಿ ನಡೆದದ್ದು ಗ್ಲಿಸರಿನ್ ಹೆಸರಲ್ಲೇ. ಮಿದುಳಿನ, ಕಣ್ಣಿನ ಒತ್ತಡ ಇಳಿಸಲು ಗ್ಲಿಸರಿನ್ ಕುಡಿಸುವ ಚಿಕಿತ್ಸೆಯಿತ್ತು. ಬಾಟಲಿಯಲ್ಲಿದ್ದ ಗ್ಲಿಸರಿನ್ನಿಗೆ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು. ವಿಚಾರಣೆಗೆ ಬಂದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಖರೀದಿಯಿಂದ ಪರೀಕ್ಷೆಯವರೆಗೆ ಎಲ್ಲೆಲ್ಲಿ ಯಾರ್ಯಾರು ಕಣ್ಣು ಮುಚ್ಚಿದರು ಅಂತ ಬಿಚ್ಚಿಟ್ಟಿತು. 1998ರಲ್ಲಿ ದೆಹಲಿಯ ಸುತ್ತಮುತ್ತ ಕೆಮ್ಮಿನ ಔಷಧದಿಂದ 33 ಮಕ್ಕಳು. 2006ರಲ್ಲಿ ಪನಾಮಾ ದೇಶದಲ್ಲಿ, ಚೀನಾದಿಂದ ಹೊರಟು ಕೈಯಿಂದ ಕೈಗೆ ದಾಟುತ್ತ ಲೇಬಲ್ಲು ಬದಲಾಯಿಸಿಕೊಂಡು ಬಂದ ನಕಲಿ ಗ್ಲಿಸರಿನ್. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಬೆರಳು ತೋರಿಸಿದ್ದು ನಮ್ಮ ದೇಶದಲ್ಲಿ ತಯಾರಾದ ಸಿರಪ್ಪುಗಳ ಕಡೆಗೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು. ಕೊನೆಯ ಎರಡರಲ್ಲೂ ಸಿರಪ್ಪಿನಲ್ಲಿ ಸಿಕ್ಕಿದ್ದು ಅದೇ ವಿಷ.

ಇದನ್ನು ಪರೀಕ್ಷಿಸುವುದು ಕಷ್ಟವೇ? ಅಲ್ಲ. ಔಷಧಕ್ಕೆ ಬಳಸುವ ಗ್ಲಿಸರಿನ್ನಿನಲ್ಲಿ ಈ ವಿಷ ಶೇಕಡಾ 0.1ಕ್ಕಿಂತ ಹೆಚ್ಚಿರಕೂಡದು ಅಂತ ಮಿತಿಯಿದೆ, ಅದನ್ನು ಅಳೆಯುವ ವಿಧಾನವಿದೆ, ಪ್ರಯೋಗಶಾಲೆಗಳಿವೆ. ಡ್ರಮ್ಮು ಕಾರ್ಖಾನೆಗೆ ಬಂದ ದಿನ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು. 1937ರಿಂದ 2025ರವರೆಗೆ 88 ವರ್ಷ ಅದೇ ತಪ್ಪು, ಅದೇ ಸಾವು. ಇಷ್ಟೂ ಸಲ ಇಲ್ಲದಿದ್ದದ್ದು ವಿದ್ಯೆಯಲ್ಲ, ಎಚ್ಚರ.

ಇಷ್ಟೆಲ್ಲ ಓದಿದ ಮೇಲೆ ಮೊನ್ನೆ ಮತ್ತೆ ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. "ಗ್ಲಿಸರೀನ್ ಆಪೋ ಭಾಯಿ" ಅಂದೆ. ಬಾಟಲಿ ಕೈಗೆ ಬಂದ ಕೂಡಲೇ ತಿರುಗಿಸಿ ಲೇಬಲ್ ಓದತೊಡಗಿದೆ. ಗ್ಲಿಸರಿನ್ ಐ.ಪಿ. ಅಂತಿದೆಯೇ, ಅಂದರೆ ಭಾರತೀಯ ಔಷಧ ಸಂಹಿತೆಯ ಮಟ್ಟಕ್ಕೆ ತಯಾರಾದದ್ದೇ? ಬ್ಯಾಚ್ ನಂಬರು, ತಾರೀಖು, ತಯಾರಕರ ವಿಳಾಸ ಇವೆಯೇ? ಬಿಡಿಯಾಗಿ ಕ್ಯಾನಿನಿಂದ ಸುರಿದು ಕೊಟ್ಟದ್ದನ್ನು ಮಾತ್ರ ಯಾರೂ ತರಬೇಡಿ, ಅದರಲ್ಲೂ ಬಾಯಿಗೆ, ಗಂಟಲಿಗೆ ಹಚ್ಚಲು ಖಂಡಿತ ಬೇಡ. ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ಡಾಕ್ಟರನ್ನು ಕೇಳದೆ ಕುಡಿಸಬೇಡಿ. ಅಂಗಡಿಯವ ನಕ್ಕು, "ಕಾಕಾ, ಇಪ್ಪತ್ತು ವರ್ಷದಿಂದ ಒಯ್ಯುತ್ತೀರಿ, ಇವತ್ತು ಪರೀಕ್ಷೆಗೆ ಓದಿದ ಹಾಗೆ ಓದ್ತಿದ್ದೀರಲ್ಲ" ಅಂತ ಗುಜರಾತಿಯಲ್ಲಿ ಚೇಷ್ಟೆ ಮಾಡಿದ. ಹೌದಪ್ಪ, ಇಪ್ಪತ್ತು ವರ್ಷ ಓದದೇ ಒಯ್ದದ್ದೇ ತಪ್ಪು ಅಂದೆ.

ರಾತ್ರಿ ಅಂಗೈಯಲ್ಲಿ ನಾಲ್ಕು ಹನಿ ಪನ್ನೀರು, ಎರಡು ಹನಿ ಗ್ಲಿಸರಿನ್ ಹಾಕಿ ಮಗಳ ಕೈಗೂ ಹಚ್ಚಿದೆ. "ಅಪ್ಪಾ, ನನ್ನ ಕ್ರೀಮಿಗಿಂತ ಇದೇ ಚಲೋ ಐತಿ" ಅಂದಳು. ನಿಮ್ಮ ನಿಮ್ಮ ಮನೆಗಳಲ್ಲಿ ಚಳಿಗಾಲಕ್ಕೆ ಏನು ಹಚ್ಚುತ್ತಿದ್ದರು, ಬೆಣ್ಣೆಯೋ, ಹಾಲಿನ ಕೆನೆಯೋ, ಕೊಬ್ಬರಿ ಎಣ್ಣೆಯೋ? ನೆನಪಿದ್ದರೆ ಬರೆಯಿರಿ. ಪರದೇಶದ ಚಳಿಯಲ್ಲಿರುವವರು ಪನ್ನೀರು ಮರೆಯಬೇಡಿ.